ತಟ್ಟೆಗೆ ಕರೆಂಟು ಬರಿಸಿದ್ದು

ಅಂದಾನಯ್ಯ ಮೇಷ್ಟ್ರ ಕಷ್ಟಕ್ಕೆಲ್ಲ ಅವರೇ ಬರೆದ ಎರಡು ಪದ ಕಾರಣ. ಪಾಲಹಳ್ಳಿ ಮಿಡ್ಲ್ ಸ್ಕೂಲಿನ ಪಾಠ ಟಿಪ್ಪಣಿಯಲ್ಲಿ, ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ‘ಲೋಹದ ವಸ್ತುವಿಗೆ ವಿದ್ಯುದಂಶ ಕೊಡುವ ಮೂರು ವಿಧಾನಗಳು’ ಎಂದು ಬರೆದು ನಿಲ್ಲಿಸಿದ್ದರೆ ಸಾಕಿತ್ತು. ಮನಸ್ಸು ಕೇಳದೆ, ಮುಂದೆ ‘ಪ್ರಯೋಗ ಸಹಿತ’ ಎಂದು ಸೇರಿಸಿದ್ದರು. ಶುಕ್ರವಾರ ಬೆಳಿಗ್ಗೆ ಹೆಡ್‌ಮಾಸ್ಟರ್ ಕರಿಯಪ್ಪನವರು ಕಾಗದವೊಂದನ್ನು ಹಿಡಿದುಕೊಂಡು ಬಂದರು. ಇನ್ಸ್‌ಪೆಕ್ಟರು ಇವತ್ತೇ ಬರುತ್ತಾರಂತೆ, ಆ ಪಾಠಕ್ಕೇ ಕೂರುತ್ತಾರಂತೆ.

ಅಂದಾನಯ್ಯನವರು ಟಿಪ್ಪಣಿ ತೆರೆದು, ಆ ಎರಡು ಪದಗಳನ್ನು ಬೆರಳಿನಿಂದ ಉಜ್ಜಿ ನೋಡಿದರು.

“ಎದ್ರುಕೋಬ್ಯಾಡ್ರಿ,” ಎಂದರು ಕರಿಯಪ್ಪನವರು. “ಪಾಠ ಒಪ್ಪದಿದ್ರೆ ಆ ಪುಣ್ಯಾತ್ಮ ಏನ್ ಮಾಡ್ತಾರೆ? ನಾಗಮಂಗಲದ ಗಡೀಲಿ ಒಂದು ಸ್ಕೂಲೈತಲ್ಲ, ಬಸ್ಸಿಳಿದು ಆರು ಮೈಲಿ ನಡೀಬೇಕಲ್ಲ, ಅಲ್ಲಿಗೆ ಆಕ್ತಾರೆ. ಅಷ್ಟೇ ತಾನೆ!”

ಅಷ್ಟೇ! ಅಂದಾನಯ್ಯನವರು ದಿನವೂ ಸಂಜೆ ಐದರ ಬಸ್ಸು ಹಿಡಿದು ಮೈಸೂರಿನ ಸಂಜೆ ಕಾಲೇಜಿಗೆ ಹೋಗುತ್ತಿದ್ದರು. ಮೂರು ವರ್ಷ ಬಸ್ಸಿನಲ್ಲಿ ನಿಂತೇ ಓದಿದ್ದರು. ಪರೀಕ್ಷೆಗೆ ಇನ್ನು ನಾಲ್ಕೇ ತಿಂಗಳು. ನಾಗಮಂಗಲದ ಗಡಿಯಿಂದ ಹೊರಟರೆ ಮೈಸೂರು ಸೇರುವ ಹೊತ್ತಿಗೆ ಕಾಲೇಜಿನ ಬಾಗಿಲು ಹಾಕಿರುತ್ತದೆ.

ಶಾಲೆಯಲ್ಲಿ ಉಪಕರಣವೆಂದರೆ ಒಂದು ಗ್ಲೋಬು ಮಾತ್ರ. ಬೇಕಾದ್ದು ಲೋಹದ ತಟ್ಟೆ, ಉಜ್ಜಲು ಕಂಬಳಿ, ಒಂದು ಗ್ರಾಮಫೋನ್ ಪ್ಲೇಟು. ಹಿತ್ತಾಳೆ ತಟ್ಟೆಗೆ ಎದುರು ಮನೆಯ ಪುಟ್ಟತಾಯಮ್ಮನ ಹತ್ತಿರ ಹೋದರು. ಆಕೆ ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ತಟ್ಟೆ ತುಂಬ ನೀರು ಸೋರುವ ಕೋಸಂಬರಿ.

“ಅಮ್ಮಾ, ನನಗೆ ಬರೀ ತಟ್ಟೆ ಸಾಕಾಗಿತ್ತು.”

“ಬರೀ ತಟ್ಟೆ ಎಂಗ್ ಕೊಟ್ಟಾರು ಮೇಷ್ಟ್ರೇ? ನಮ್ಮತ್ತೆ ಕಾಲದಿಂದ್ಲೂ ಈ ಮನೆ ಪಾತ್ರೆ ಬರಿದಾಗಿ ಒಸ್ಲು ದಾಟಿಲ್ಲ. ತಿನ್ನಿ, ನಿಮ್ಮ ಮಕ ನೋಡುದ್ರೆ ನಾಕು ದಿನದಿಂದ ಉಂಡಂಗಿಲ್ಲ.”

ಆಕೆ ನೋಡುತ್ತಿದ್ದಂತೆಯೇ ಕೋಸಂಬರಿಯನ್ನೆಲ್ಲ ತಿಂದು ಮುಗಿಸಬೇಕಾಯಿತು. ತೇಗು ಬಂತು, ಹೆದರಿಕೆ ಹೋಗಲಿಲ್ಲ.

ಪ್ಲೇಟು ಕೊಟ್ಟವನು ಹೋಟೆಲಿನ ಚಲುವರಾಜು. “ಗೀರು ಬಿದ್ರೆ ಸಾಯಂಕಾಲ ನೀವೇ ಬಂದು ಗಿರಾಕಿಗಳ ಮುಂದೆ ಪದ ಆಡ್ಬೇಕಾಯ್ತದೆ ಮೇಷ್ಟ್ರೇ,” ಎಂದ. ಕಂಬಳಿ ತರುವೆನೆಂದ ಜವಾನ ಮಾಯಣ್ಣ ಹನ್ನೆರಡಕ್ಕೆ ಬಂದ. ಸಾಹೇಬರ ಕಣ್ಣಿಗೆ ಕೊಳೆ ಕಾಣಬಾರದೆಂದು ಕಂಬಳಿಯನ್ನು ನಾಲೆಯಲ್ಲಿ ಚೆನ್ನಾಗಿ ಒಗೆದು ತಂದಿದ್ದ. ಅದು ನದಿ ದಾಟಿ ಬಂದ ಕುರಿಯ ಹಾಗೆ ತೊಟ್ಟಿಕ್ಕುತ್ತಿತ್ತು.

“ಮಾಯಣ್ಣ! ತೇವ ಇದ್ರೆ ವಿದ್ಯುದಂಶ ನಿಲ್ಲೋದಿಲ್ಲ ಕಣಪ್ಪ!”

“ನಿಲ್ದಿದ್ರೆ ಕುಂಡ್ರುಸ್ಕಳಿ ಮೇಷ್ಟ್ರೇ, ಯಾರು ಬ್ಯಾಡ ಅಂದ್ರು?”

ಕಂಬಳಿಯನ್ನು ಹೋಟೆಲಿನ ಒಲೆಯ ಮುಂದೆ ಎರಡು ಗಂಟೆ ಕಾಯಿಸಿದರು. ಅದು ಒಣಗುವಷ್ಟರಲ್ಲಿ ಅಂದಾನಯ್ಯನವರು ತಟ್ಟೆಯ ನಡುವಿಗೆ ಔಷಧಿಯ ಖಾಲಿ ಸೀಸೆಯೊಂದನ್ನು ಅರಗಿನಿಂದ ಅಂಟಿಸಿ ಹಿಡಿ ಮಾಡಿದರು. ಖಾಲಿ ತರಗತಿಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತ ಅಭ್ಯಾಸ ಮಾಡಿದರು: ಉಜ್ಜುವುದು, ಮುಟ್ಟಿಸುವುದು, ಹತ್ತಿರ ಇಡುವುದು. ಹತ್ತು ಸಲ ಮಾಡಿದರೂ ತಟ್ಟೆಯ ಕೆಳಗೆ ಹರಡಿದ್ದ ಕಾಗದದ ಚೂರುಗಳು ಕದಲಲಿಲ್ಲ. ಹನ್ನೊಂದನೆಯ ಸಲ ಕಾರಣ ಹೊಳೆಯಿತು. ಭಯಕ್ಕೆ ಅಂಗೈ ಬೆವೆತು ಸೀಸೆ ತೊಯ್ದು, ಬಂದ ವಿದ್ಯುದಂಶವೆಲ್ಲ ಅವರ ಮೈಯ ಮೂಲಕವೇ ಇಳಿದು ಹೋಗುತ್ತಿತ್ತು. ಇದು ತಿಳಿದ ಮೇಲೆ ಭಯ ಹೆಚ್ಚಿತು. ಭಯ ಹೆಚ್ಚಿದಂತೆ ಬೆವರೂ ಹೆಚ್ಚಿತು. ಕಸ ಗುಡಿಸುವ ಚಿಕ್ಕಬೋರಮ್ಮ ಬಾಗಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು.

ಮೂರು ಗಂಟೆಗೆ ಸರಿಯಾಗಿ ಇನ್ಸ್‌ಪೆಕ್ಟರು ಬಂದು ಕೊನೆಯ ಬೆಂಚಿನಲ್ಲಿ ಕೂತರು. ಅವರ ಮೀಸೆಯೂ ಪೆನ್ನೂ ಒಂದೇ ಕಡೆಗೆ ಚೂಪಾಗಿದ್ದವು.

ಅಂದಾನಯ್ಯನವರು ಕಂಬಳಿಯಿಂದ ತಟ್ಟೆಯನ್ನು ಉಜ್ಜಿದರು. ಚೂರುಗಳು ಸುಮ್ಮನಿದ್ದವು. ಮತ್ತೆ ಉಜ್ಜಿದರು. ಮೂಗಿನ ತುದಿಯಿಂದ ಬೆವರಿನ ಹನಿಯೊಂದು ನೇರ ತಟ್ಟೆಯ ಮೇಲೆ ಬಿತ್ತು. ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದ ಸದ್ದು ಗುಂಡು ಹಾರಿದಂತೆ ಕೇಳಿಸಿತು. ಅಂದಾನಯ್ಯನವರ ಕಣ್ಣ ಮುಂದೆ ಐದರ ಬಸ್ಸು ಖಾಲಿಯಾಗಿ ಹೊರಟು ಹೋಯಿತು.

“ಅಯ್ಯೋ, ಕೊಡಿ ಇಲ್ಲಿ!” ಎನ್ನುತ್ತ, ಬಾಗಿಲಲ್ಲೇ ಕೂತಿದ್ದ ಚಿಕ್ಕಬೋರಮ್ಮ ಪೊರಕೆ ಬಿಟ್ಟು ಎದ್ದು ಬಂದಳು. ಆಗ ತಾನೇ ಪಾತ್ರೆ ಬೆಳಗಿದ ಬೂದಿ ಅವಳ ಕೈಗೆ ಮೆತ್ತಿ ಒಣಗಿತ್ತು, ಬೆವರಿನ ಸುಳಿವಿರಲಿಲ್ಲ. ಸೆರಗಿನಿಂದ ಸೀಸೆ ಒರೆಸಿ, ತಟ್ಟೆ ಒರೆಸಿ, ಮಗುವಿನ ಬೆನ್ನು ತಿಕ್ಕಿದಂತೆ ಕಂಬಳಿ ಆಡಿಸಿದಳು. ಚೂರುಗಳು ಹಾರಿ ಬಂದು ತಟ್ಟೆಗೆ ಅಂಟಿಕೊಂಡವು.

“ಇದು ಉಜ್ಜಿ ಬರ್ಸದು ಮಕ್ಳಾ,” ಎಂದಳು. ತಟ್ಟೆಯನ್ನು, ಮೇಷ್ಟ್ರು ಮೊದಲೇ ಗಾಜಿನ ಲೋಟದ ಮೇಲಿಟ್ಟಿದ್ದ ತಾಮ್ರದ ಚೊಂಬಿಗೆ ತಾಗಿಸಿದಳು. ಈಗ ಚೊಂಬಿಗೂ ಚೂರುಗಳು ಅಂಟಿದವು. “ಇದು ಮುಟ್ಸಿ ಬರ್ಸದು.” ಆಮೇಲೆ ಗ್ರಾಮಫೋನ್ ಪ್ಲೇಟನ್ನು ಚೆನ್ನಾಗಿ ಉಜ್ಜಿ ಅದರ ಮೇಲೆ ತಟ್ಟೆ ಇಟ್ಟಳು. “ಇನ್ನು ಮೂರನೇದು, ಅತ್ರ ಇಟ್ಟು, ಒಂದ್ರಿಂದ ಒಂದಕ್ಕೆ ಇಳೀದೇನೇ ಬರ್ಸದು. ಬೆಳ್ಳು ತಾಗ್ಸಿ ತಗದ್ಬುಡ್ಬೇಕು. ಆಮ್ಯಾಕೆ ತಟ್ಟೆ ಎತ್ಬೇಕು.” ಹಾಗೇ ಮಾಡಿ, ಸೀಸೆ ಹಿಡಿದು ತಟ್ಟೆಯನ್ನು ಕೊನೆಯ ಬೆಂಚಿಗೆ ಒಯ್ದಳು. “ಸಾಯೇಬ್ರೇ, ಬೆಳ್ಳು ತನ್ನಿ ಇಲ್ಲಿ.”

ಇನ್ಸ್‌ಪೆಕ್ಟರು ಬೆರಳು ಚಾಚಿದರು. ಚಟ್ ಎಂದು ಕಿಡಿ ಹಾರಿತು. ಅವರು ಬೆಂಚಿನಿಂದ ಒಂದು ಗೇಣು ಮೇಲೆ ಹಾರಿ ಕೂತರು.

ಅಂದಾನಯ್ಯನವರು ಗೋಡೆ ಹಿಡಿದರು. ಆದರೆ ಇನ್ಸ್‌ಪೆಕ್ಟರು ಬೆರಳು ನೋಡಿಕೊಂಡು ಹೊಟ್ಟೆ ತುಂಬ ನಕ್ಕರು. “ಭೇಷ್!” ಎಂದರು. ಪುಟಗಟ್ಟಲೆ ಬರೆದರು. ಅಂದಾನಯ್ಯನವರ ಒದ್ದೆ ಕೈಯನ್ನು ಕುಲುಕಿ ಜೀಪು ಹತ್ತಿದರು.

ಆ ದಿನ ಮೊದಲ ಸಲ ಅಂದಾನಯ್ಯನವರ ಅಂಗೈ ಒಣಗಿತು. ಪುಸ್ತಕಗಳನ್ನು ಚೀಲಕ್ಕೆ ಹಾಕಿ, ಐದರ ಬಸ್ಸಿಗೆ ಹೊರಟರು. ಬಾಗಿಲಲ್ಲಿ ಕರಿಯಪ್ಪನವರು ವರದಿ ಹಿಡಿದು ನಿಂತಿದ್ದರು. ಚಿಕ್ಕಬೋರಮ್ಮ ಅವರ ಹಿಂದೆ ಜಗಲಿ ಗುಡಿಸುತ್ತಿದ್ದಳು.

“ಕೇಳ್ರಿ,” ಎಂದು ಅವರು ಓದಿದರು. “‘ಗುಡಿಸುವಾಕೆಗೂ ವಿಜ್ಞಾನ ಮನದಟ್ಟಾಗುವಂತೆ ಕಲಿಸಿದ ಇಂಥ ಶಿಕ್ಷಕರನ್ನು ನಾನು ಕಂಡಿಲ್ಲ. ಈ ಶಾಲೆಗೆ ಇನ್ನು ಕೊರತೆಯಿಲ್ಲ. ಎರಡು ವರ್ಷದಿಂದ ವಿಜ್ಞಾನದ ಶಿಕ್ಷಕರೇ ಇಲ್ಲದ ನಾಗಮಂಗಲ ಗಡಿಯ ಶಾಲೆಗೆ ಇವರನ್ನು ಸೋಮವಾರದಿಂದಲೇ ವರ್ಗಾಯಿಸತಕ್ಕದ್ದು.’”

ಅಂದಾನಯ್ಯನವರ ಕೈಯಿಂದ ಚೀಲ ಜಾರಿತು. ಚಿಕ್ಕಬೋರಮ್ಮ ಅದನ್ನೆತ್ತಿ ಧೂಳು ಕೊಡವಿ ಕೊಟ್ಟಳು.

“ಚಿಂತೆ ಮಾಡ್ಬ್ಯಾಡಿ ಮೇಷ್ಟ್ರೇ,” ಎಂದಳು. “ಸೋಮಾರದಿಂದ ಪಾಠ ನಾನು ನೋಡ್ಕತೀನಿ.”