ಗೋಡೆ ದಾಟದ ಗುಟ್ಟು

ಕೇಳಿಸದ ಶಬ್ದದ ವಿಷಯದಲ್ಲಿ ನನಗೆ ಪಾಠ ಹೇಳುವವರು ಅರಬ್ಬೀ ಸಮುದ್ರದ ಈ ದಡದಲ್ಲಿ ಇನ್ನೂ ಹುಟ್ಟಿಲ್ಲ! ಬೋಟಿನ ಫಿಶ್ ಫೈಂಡರಿನಿಂದ ಯಾರ ಕಿವಿಗೂ ಬೀಳದ ಶಬ್ದವನ್ನು ನೀರಿಗೆ ಬಿಟ್ಟು, ಇಪ್ಪತ್ತು ವರ್ಷ ಬಂಗುಡೆ ಮೀನುಗಳ ಜಾತಕ ತರಿಸಿದವ ನಾನು. ಮಗಳು ವಿಜೇತಾಳನ್ನು ನೋಡಲು ಹುಡುಗನ ಕಡೆಯವರು ಬರುತ್ತಾರೆಂದರೆ ಹೆದರುವೆನೇ?

ಹೆದರಿದ್ದು ಮಗಳು. "ಅಪ್ಪ, ರೋಷನ್ ನನಗೆ ಇಷ್ಟ ಆಗಿದ್ದಾನೆ. ನೀವು ಬಾಯಿ ತೆರೆಯದಿದ್ದರೆ ಈ ಮದುವೆ ಆಗ್ತದೆ."

"ತೆರೆಯುವುದೇ ಇಲ್ಲ!"

"ಮತ್ತೆ ನಿಮ್ಮ ಅಭಿಪ್ರಾಯ ನನಗೆ ಗೊತ್ತಾಗುವುದು ಹೇಗೆ?" ಎಂದಳು ಹೆಂಡತಿ ಕುಮುದಿನಿ. "ಕಣ್ಸನ್ನೆ ಮಾತ್ರ ಬೇಡ ಮಾರಾಯ್ರೇ. ಕಳೆದ ಸಲ ನೀವು ಕಣ್ಣು ಹೊಡೆದದ್ದು ನನಗಿಂತ ಮೊದಲು ಆಗ ಬಂದಿದ್ದ ಹುಡುಗನ ಚಿಕ್ಕಮ್ಮನಿಗೆ ಮುಟ್ಟಿತ್ತು!"

ನಾನು ಗತ್ತಿನಿಂದ ನನ್ನ ಮತ್ತು ಕುಮುದಿನಿಯ ಮೊಬೈಲಿಗೆ ಒಂದು ಆ್ಯಪ್ ಹಾಕಿದೆ. ನಾನು ಬರೆದದ್ದು ಮನುಷ್ಯರಿಗೆ ಕೇಳಿಸದ ಶಬ್ದವಾಗಿ ಹೊರಟು, ಅವಳ ಮೊಬೈಲಿನಲ್ಲಿ ಅಕ್ಷರವಾಗಿ ಮೂಡುತ್ತದೆ. ಇಂಟರ್ನೆಟ್ ಬೇಡ, ಸಿಮ್ ಬೇಡ, ಕಣ್ಣು ಹೊಡೆಯುವುದಂತೂ ಬೇಡವೇ ಬೇಡ!

ನೆಂಟರು ಬಂದರು. ಕುಮುದಿನಿ ಮೊಬೈಲ್ ಹಿಡಿದು ಅಡಿಗೆಮನೆ ಸೇರಿದಳು. ನಾನು ಚಾವಡಿಯಲ್ಲಿ ಬಾಯಿಗೆ ಬೀಗ ಹಾಕಿ ಕುಳಿತು ಒತ್ತಿದೆ: "ಹುಡುಗ ಅಡ್ಡಿಯಿಲ್ಲ. ಆದರೆ ಆ ಮೂಗು ಮಾರಾಯ್ತಿ! ಮೂಗು ಹೊಳೆ ದಾಟಿ ತೊಕ್ಕೊಟ್ಟು ಮುಟ್ಟುವಾಗ ಹುಡುಗ ಇನ್ನೂ ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸು ಕಾಯ್ತಿರ್ತಾನೆ!"

ಉತ್ತರವಿಲ್ಲ. ಮತ್ತೆ ಕಳಿಸಿದೆ. ಮತ್ತೂ ಕಳಿಸಿದೆ.

ಎದುರು ಕುರ್ಚಿಯಲ್ಲಿದ್ದ ರೋಷನ್‌ನ ಜೇಬಿನಿಂದ ಟಿಣ್, ಟಿಣ್, ಟಿಣ್! ಅವನು ಮೊಬೈಲ್ ತೆಗೆದ. ಓದಿದ. ಮೆಲ್ಲನೆ ಮೂಗು ಮುಟ್ಟಿ ನೋಡಿಕೊಂಡ.

ಆಗ ನನ್ನ ತಲೆಗೆ ಹೊಳೆಯಿತು. ಹುಡುಗನದ್ದು ಮೊಬೈಲ್ ಅಂಗಡಿ. ಅದೇ ಆ್ಯಪ್ ಅವನಲ್ಲೂ ಉಂಟು! ಈ ಶಬ್ದಕ್ಕೆ ವಿಳಾಸ ಗೊತ್ತಿಲ್ಲ, ಕೋಣೆಯಲ್ಲಿ ಕಿವಿಗೊಟ್ಟ ಮೊಬೈಲಿಗೆಲ್ಲ ಚಾಡಿ ಹೇಳುತ್ತದೆ. ಆದರೆ ಗೋಡೆ ದಾಟುವ ತಾಕತ್ತಿಲ್ಲ! ಸಮುದ್ರದಲ್ಲಿ ಗೋಡೆಗಳಿರುವುದಿಲ್ಲ ನೋಡಿ, ನನಗೆ ಗೊತ್ತಾಗಲಿಲ್ಲ.

ಶರಬತ್ತು ತಂದ ವಿಜೇತಾ ನನ್ನ ಮುಖ ಕಂಡು ಪಿಸುಗುಟ್ಟಿದಳು: "ಅಪ್ಪ, ಎಂತ ಮಾಡಿದ್ರಿ?"

"ದೇವರಾಣೆ, ಬಾಯಿ ತೆರೆಯಲಿಲ್ಲ!"

ಅವಳ ಕಣ್ಣು ತುಂಬಿತು. ನಾನು ನೆಲ ನೋಡಿದೆ. ಅಷ್ಟರಲ್ಲಿ ರೋಷನ್ ಏನನ್ನೋ ಒತ್ತಿದ. ನನ್ನ ಮೊಬೈಲ್ ಬೆಳಗಿತು:

"ಮಾವ, ಮೂಗು ಉದ್ದ ಇದ್ದದ್ದು ಒಳ್ಳೆಯದೇ ಆಯ್ತು. ಅತ್ತೆ ಇನ್ನೂ ನಿಮ್ಮ ಮೆಸೇಜ್ ಕಾಯ್ತಾ ಕೂತಿರಬೇಕು. ಒಳಗೆ ಮೀನು ಕರಟುವ ವಾಸನೆ ಬರ್ತಾ ಉಂಟು, ಈಗಲಾದರೂ ಬಾಯಿ ತೆರೆದು ಹೇಳಿ!"