ಗುಡ್ಡ ತಪ್ಪಿದ ಭೂಗೋಳ ಮಾಸ್ತರ

ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ನಾನು ಭೂಗೋಳ ಕಲಿಸುತ್ತೇನೆ. ಭೂಪಟದ ಮುಂದೆ ಕೋಲು ಕೊಟ್ಟು ನಿಲ್ಲಿಸಿದರೆ ಕಣ್ಣು ಮುಚ್ಚಿಕೊಂಡು ಯಾವ ಪರ್ವತವನ್ನು ಬೇಕಾದರೂ ಮುಟ್ಟಿ ತೋರಿಸಬಲ್ಲೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ನನಗೆ ಮುಖ ಇರುವುದಿಲ್ಲ.

ಮದುವೆಯಾದ ಹೊಸದರಲ್ಲಿ ಹೆಂಡತಿ ಸರೋಜಾಳಿಗೆ ಒಂದು ಮಾತು ಕೊಟ್ಟಿದ್ದೆ. ಒಂದು ಬೇಸಿಗೆಯಲ್ಲಿ ನಿನ್ನನ್ನು ತಂಪು ಊರಿಗೆ ಕರೆದುಕೊಂಡು ಹೋಗಿ ಮಂಜು ತೋರಿಸುತ್ತೇನೆ ಎಂದು. ಆಮೇಲೆ ಮನೆ ಕಟ್ಟಿದೆವು, ಮಗಳನ್ನು ಓದಿಸಿದೆವು, ಅವಳ ಮದುವೆ ಮಾಡಿದೆವು. ಮಂಜು ಮಾತ್ರ ಬಾಕಿ ಉಳಿಯಿತು. ಸರೋಜಾ ಒಮ್ಮೆಯೂ ಅದನ್ನು ನೆನಪಿಸಲಿಲ್ಲ. ನೆನಪಿಸಿ ಜಗಳ ತೆಗೆದಿದ್ದರೆ ಮನಸ್ಸಿಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಈ ಮೇ ತಿಂಗಳಲ್ಲಿ ಗಟ್ಟಿ ಮನಸ್ಸು ಮಾಡಿದೆ. ಪಶ್ಚಿಮಕ್ಕೆ, ಸಹ್ಯಾದ್ರಿಯ ಬೆಟ್ಟಗಳ ನಡುವೆ, ಕಣಿವೆಯಲ್ಲಿರುವ ಒಂದು ಸಣ್ಣ ಊರನ್ನು ಆರಿಸಿ, ಅಲ್ಲಿನ ಲಾಡ್ಜಿನಲ್ಲಿ ಕೋಣೆ ಹಿಡಿದೆ. ಬರೀ ಹೋಗಿ ಬಂದರೆ ಭೂಗೋಳ ಮಾಸ್ತರನ ಮರ್ಯಾದೆ ಏನಾಗಬೇಕು? ಆ ಊರಿನ ಇತಿಹಾಸ, ಹವಾಮಾನ, ಪ್ರೇಕ್ಷಣೀಯ ಸ್ಥಳಗಳನ್ನು ಬಾಯಿಪಾಠ ಮಾಡಿದೆ. ಇತಿಹಾಸ: ಇಂಗ್ಲಿಷ್ ಸಾಹೇಬನೊಬ್ಬ ಸೆಕೆ ತಾಳಲಾರದೆ ಕುದುರೆ ಹತ್ತಿ ಬಂದು ಈ ಕಣಿವೆಯನ್ನು ಕಂಡುಹಿಡಿದ, ಮೊದಲಿನಿಂದ ಅಲ್ಲೇ ಇದ್ದ ಜನ ಅವನಿಗೆ ದಾರಿ ತೋರಿಸಿದರು. ಹವಾಮಾನ: ಬೇಸಿಗೆಯಲ್ಲೂ ಸ್ವೆಟರ್ ಬೇಕು. ಪ್ರೇಕ್ಷಣೀಯ ಸ್ಥಳಗಳು: ಸೂರ್ಯ ಹುಟ್ಟುವ ಜಾಗ, ಸೂರ್ಯ ಮುಳುಗುವ ಜಾಗ, ಕೂಗಿದರೆ ದನಿ ತಿರುಗಿ ಬರುವ ಜಾಗ.

ಊರಿನ ಹೆಸರನ್ನು ಮಾತ್ರ ಗುಟ್ಟಾಗಿಟ್ಟೆ. ಅಲ್ಲಿಗೆ ಮುಟ್ಟಿದ ಮೇಲೆ ಅವಳು ಬೆರಗಾಗಬೇಕು! ಹಾಗಾಗಿ ಇಷ್ಟೇ ಹೇಳಿದೆ:

"ಸರೋಜಾ, ಬರೋ ಶುಕ್ರವಾರ ಗುಡ್ಡಕ್ಕ ಹೋಗೂಣು."

ರೊಟ್ಟಿ ಬಡಿಯುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

"ನೀವು? ನೀವಾಗೇ ಅನ್ನಾಕ ಹತ್ತೀರೇನು?"

"ಮತ್ತ ಯಾರು? ಖರೇನ ಹೋಗೂದು."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕೊಟ್ಟ ಮಾತನ್ನು ಇಷ್ಟು ವರ್ಷ ನೆನಪಿಟ್ಟ ಗಂಡ ಎಲ್ಲರಿಗೂ ಸಿಗುತ್ತಾನೆಯೇ ಎಂದು ನಾನು ಮನಸ್ಸಿನಲ್ಲೇ ಬೀಗಿದೆ.

ಕ್ರೂಸರ್ ಓಡಿಸುವ ದಾದಾಪೀರನನ್ನು ಕಂಡು ಗಾಡಿ ಗೊತ್ತು ಮಾಡಿದೆ.

"ಗುಡ್ಡಕ್ಕೇನ್ರಿ ಸರ್ರ? ನಸುಕಿನ್ಯಾಗ ಬಿಟ್ರ ನಾಷ್ಟಾದ ಹೊತ್ತಿಗೆ ಅಲ್ಲೇ ಇರತೇವಿ," ಎಂದ. ಅವನು ಹೇಳಿದ ಬಾಡಿಗೆ ಇಷ್ಟು ಕಡಿಮೆಯೇ ಎಂದು ನನಗೆ ಆಶ್ಚರ್ಯವಾಯಿತು. ಪಾಪ, ಲೆಕ್ಕದಲ್ಲಿ ತಪ್ಪಿದ್ದಾನೆ, ನಾನೇಕೆ ತಿದ್ದಲಿ ಎಂದು ತೆಪ್ಪಗೆ ಬಂದೆ.

ಮರುದಿನ ಪಕ್ಕದ ಮನೆಯ ಗಂಗಕ್ಕ ಬಾಗಿಲಲ್ಲಿ ನಿಂತಿದ್ದರು. "ಮಾಸ್ತರ್ರ, ಗಾಡ್ಯಾಗ ಜಾಗಾ ಐತಂತಲ್ರಿ. ನಾನೂ ನಮ್ಮ ನೆಗೆಣ್ಣಿ ಬರತೇವಿ."

ತಡವಾಗಿ ಬಂದ ಹನಿಮೂನಿಗೆ ಗಂಗಕ್ಕ! ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಸರೋಜಾ "ಬರ್ರಿ ಬರ್ರಿ" ಎಂದುಬಿಟ್ಟಳು. ಗುರುವಾರ ಮನೆಯಲ್ಲಿ ಹೋಳಿಗೆ, ಕಡಬು, ಎಣ್ಣೆಗಾಯಿ ಎಲ್ಲ ತಯಾರಾದವು. ಅಲ್ಲಿ ಹೋಟೆಲುಗಳಿವೆ ಎಂದೆ.

"ಇಂಥಾ ಕೆಲಸಕ್ಕ ಹೊಂಟಾಗ ಹೋಟೆಲ್ ಊಟೇನ್ರಿ?" ಎಂದಳು. ನನ್ನ ಕೆಲಸಕ್ಕೆ ಮನೆಯಲ್ಲಿ ಇಷ್ಟು ಗೌರವ ಸಿಕ್ಕಿದ್ದು ಅದೇ ಮೊದಲು. ಆ ಸಂತೋಷದಲ್ಲಿ ನನ್ನ ಚೀಲವನ್ನು ನಾನೇ ಗುಟ್ಟಾಗಿ ತುಂಬಿದೆ. ಉಣ್ಣೆಯ ಪ್ಯಾಂಟು, ಸ್ವೆಟರುಗಳು, ಕಿವಿ ಮುಚ್ಚುವ ಮಂಕಿ ಟೋಪಿ. ಅವಳಿಗೂ ಒಂದು ಶಾಲು ಇಟ್ಟೆ.

ಶುಕ್ರವಾರ ನಸುಕಿನಲ್ಲಿ ಗಾಡಿ ಹೊರಟಿತು. ಮುಂದಿನ ಸೀಟಿನಲ್ಲಿ ಕುಳಿತು ಪಾಠ ಶುರುಮಾಡಿದೆ.

"ಅಲ್ಲಿ ಒಂದು ಜಾಗಾ ಐತಿ. ನಾವು ಕೂಗಿದ್ರ ಗುಡ್ಡ ತಿರುಗಿ ಕೂಗತೈತಿ."

"ಹೌದ್ರಿ," ಎಂದರು ಗಂಗಕ್ಕ ಹಿಂದಿನಿಂದ. "ಒಬ್ಬರು ಕೂಗಿದ್ರ ಗುಡ್ಡಕ್ಕ ಗುಡ್ಡನ ಕೂಗತೈತಿ. ಮೈ ಝುಂ ಅಂತೈತಿ."

"ಕೆಳಗ ನೀರೂ ಕಾಣತೈತಿ."

"ಕಾಣದ ಏನ್ರಿ? ಸಮುದ್ರ ಕಂಡಂಗ ಕಾಣತೈತಿ."

ಗಂಗಕ್ಕನ ಸಾಮಾನ್ಯ ಜ್ಞಾನಕ್ಕೆ ನಾನು ತಲೆದೂಗಿದೆ. ಅಷ್ಟರಲ್ಲಿ ಸೂರ್ಯ ಹುಟ್ಟಿ ನೇರ ನನ್ನ ಕಣ್ಣಿಗೆ ಬಡಿಯತೊಡಗಿದ. ನಾವು ಹೊರಟಿದ್ದು ಪಶ್ಚಿಮಕ್ಕೆ. ಬೆಳಗಿನ ಸೂರ್ಯ ಮುಂದಿದ್ದ. ಭೂಗೋಳ ಮಾಸ್ತರನಾದ ನಾನು ಏನು ಮಾಡಿದೆ? ಕರವಸ್ತ್ರದಿಂದ ಮುಖ ಮುಚ್ಚಿಕೊಂಡು ನಿದ್ದೆ ಮಾಡಿದೆ!

"ಸರ್ರ, ಇಳೀರಿ. ಜೋಗುಳಬಾವಿ ಬಂತು," ಎಂದು ದಾದಾಪೀರ ಎಬ್ಬಿಸಿದ.

ಕಣ್ಣು ಬಿಟ್ಟರೆ ಮಂಜಿಲ್ಲ. ಸಾಹೇಬನ ಕುದುರೆಯಿಲ್ಲ. ರಣ ಬಿಸಿಲು, ಹಣೆತುಂಬ ಅರಿಶಿನದ ಭಂಡಾರ ಹಚ್ಚಿಕೊಂಡ ಜನ. ಆಗ ಹೊಳೆಯಿತು. ನಮ್ಮ ಭಾಗದಲ್ಲಿ ಎಷ್ಟೇ ಗುಡ್ಡಗಳಿರಲಿ, ಹೆಸರು ಹೇಳದೆ ಬರೀ 'ಗುಡ್ಡ' ಎಂದರೆ ಅದು ಒಂದೇ: ಸವದತ್ತಿಯ ಯಲ್ಲಮ್ಮನ ಗುಡ್ಡ. ಇದು ನನ್ನ ತರಗತಿಯ ಕೊನೆಯ ಬೆಂಚಿನ ಹುಡುಗನಿಗೂ ಗೊತ್ತು.

ಸರೋಜಾ ವರ್ಷವರ್ಷ ಇಲ್ಲಿಗೆ ಬರುತ್ತಿದ್ದಳು. ನಾನು ಪ್ರತಿ ಸಲ ಬಿಸಿಲು, ಗದ್ದಲ, ಪೇಪರ್ ತಿದ್ದುವುದಿದೆ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ನನಗೆ ಸಿಟ್ಟು ಬಂತು, ಕೂಗಾಡಬೇಕು ಅನಿಸಿತು. ಆದರೆ ಅವಳ ಮುಖ ನೋಡಿದೆ. ಮಗಳ ಮದುವೆಯಲ್ಲೂ ಅವಳು ಇಷ್ಟು ಅರಳಿರಲಿಲ್ಲ. ಬಾಯಿ ಮುಚ್ಚಿಕೊಂಡೆ. ಈ ಗುಟ್ಟು ನನ್ನ ಜೊತೆಗೇ ಮಣ್ಣಾಗಲಿ ಎಂದು ದೊಡ್ಡ ಮನಸ್ಸು ಮಾಡಿದೆ.

ಗುಡ್ಡ ಹತ್ತುವ ಮೊದಲು ಜೋಗುಳಬಾವಿಯಲ್ಲಿ ಸ್ನಾನವಾಗಬೇಕು. ಎಲ್ಲರ ಹಾಗೆ ನಾನೂ ಉಟ್ಟ ಬಟ್ಟೆಯಲ್ಲೇ ಮುಳುಗಿ ಎದ್ದೆ. ಎದ್ದ ಮೇಲೆ ಚೀಲ ನೆನಪಾಯಿತು. ಒಂದು ಮೂಲೆಗೆ ಹೋಗಿ ತೆರೆದೆ. ಉಣ್ಣೆ, ಉಣ್ಣೆ, ಉಣ್ಣೆ! ಬೇರೆ ದಾರಿಯಿರಲಿಲ್ಲ. ಉಣ್ಣೆಯ ಪ್ಯಾಂಟಿನ ಮೇಲೆ ಇದ್ದುದರಲ್ಲಿ ತೆಳ್ಳನೆಯ ಸ್ವೆಟರ್ ಹಾಕಿದೆ. ತಲೆ ಸುಡುತ್ತಿತ್ತು, ಅದಕ್ಕೆ ಟೋಪಿಯನ್ನೂ ಹಾಕಿದೆ.

ದರ್ಶನದ ಸರದಿಯಲ್ಲಿ ಮುಂದೆ ನಿಂತಿದ್ದ ಅಜ್ಜಿಯೊಬ್ಬಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದಳು: "ಇದೆಂಥಾ ಹರಕಿ ಯಪ್ಪಾ?"

ನಾನು ತಡವರಿಸುವಷ್ಟರಲ್ಲಿ ಗಂಗಕ್ಕ ಉತ್ತರ ಕೊಟ್ಟರು. "ಮಾಸ್ತರ್ರು ಸ್ವೆಟರ್ ಹರಕಿ ಹೊತ್ತಾರ. ಸುಡು ಬಿಸಲಾಗ ಉಣ್ಣಿ ಹಾಕ್ಕೊಂಡು ಗುಡ್ಡಾ ಹತ್ತೂದು. ಭಾಳ ಕಠಿಣ ಹರಕಿ!"

ಸುದ್ದಿ ಸರದಿಯುದ್ದಕ್ಕೂ ಓಡಿತು. ಒಬ್ಬರು ಗಾಳಿ ಬೀಸಿದರು. ಒಬ್ಬರು ಕಾಲು ಮುಟ್ಟಿ ನಮಸ್ಕರಿಸಿದರು. ಅಜ್ಜಿ ನನ್ನ ಟೋಪಿಯ ಮೇಲೂ ಭಂಡಾರ ಎರಚಿದಳು. ಬೆವರು ಇಳಿದಲ್ಲೆಲ್ಲ ಭಂಡಾರ ಇಳಿದು ನಾನು ಅಡಿಯಿಂದ ಮುಡಿಯವರೆಗೆ ಹಳದಿಯಾದೆ. ಸರೋಜಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ನನ್ನ ಭಕ್ತಿ ಕಂಡು ಅಳುತ್ತಿದ್ದಾಳೆ ಎಂದುಕೊಂಡೆ.

ಗುಡಿಯ ಹತ್ತಿರ ಯಾರೋ ಒಬ್ಬರು "ಉಧೋ" ಎಂದರು. ಇಡೀ ಗುಡ್ಡ "ಉಧೋ ಉಧೋ" ಎಂದು ತಿರುಗಿ ಕೂಗಿತು. ಗಂಗಕ್ಕ ಹೇಳಿದ್ದು ಸುಳ್ಳಲ್ಲ, ಮೈ ಝುಂ ಎಂದಿತು. ಕೆಳಗೆ ಅಣೆಕಟ್ಟಿನ ನೀರೂ ಸಮುದ್ರದ ಹಾಗೆ ಕಾಣುತ್ತಿತ್ತು. ಮಧ್ಯಾಹ್ನ ಬೇವಿನ ಮರದ ಕೆಳಗೆ ಹೋಳಿಗೆ, ಕಡಬು ಎಡೆ ಮಾಡಿ, ಎಲ್ಲರೂ ಸುತ್ತ ಕುಳಿತು ಊಟ ಮಾಡಿದೆವು. ನಿಜ ಹೇಳುತ್ತೇನೆ, ಸ್ವೆಟರ್ ಒಂದು ಬಿಟ್ಟರೆ ಆ ದಿನಕ್ಕೆ ಯಾವ ಕೊರತೆಯೂ ಇರಲಿಲ್ಲ.

ಸಂಜೆ ಮನೆಗೆ ಬಂದ ಮೇಲೆ ಹೊಟ್ಟೆಯಲ್ಲಿ ಗುಟ್ಟು ನಿಲ್ಲಲಿಲ್ಲ.

"ಸರೋಜಾ, ನಾ ಹೇಳಿದ್ದು ಈ ಗುಡ್ಡ ಅಲ್ಲ."

"ಗೊತ್ತೈತ್ರಿ. ಆ ಲಾಡ್ಜಿನವರ ಫೋನು ಬುಧವಾರನ ಬಂದಿತ್ತು, ನೀವು ಜಳಕಕ್ಕ ಹೋದಾಗ. ಇಲ್ಲೆ ಥಂಡಿ ಐತಿ, ಸ್ವೆಟರ್ ತರ್ರಿ ಅಂದ್ರು. ಈ ಶುಕ್ರವಾರ ಅಲ್ಲ, ಮುಂದಿನ ಶುಕ್ರವಾರ ಬರತೇವಿ ಅಂತ ಹೇಳೇನಿ."

"ಗೊತ್ತಿದ್ದೂ ಸುಮ್ಮನಿದ್ದೆ?"

"ಹೇಳಿದ್ರ ನೀವು ಬರತಿದ್ರೇನು?" ಅವಳ ದನಿ ಸಣ್ಣಗಾಯಿತು. "ಎಲ್ಲಾರೂ ಜೋಡೀಲೆ ಬರತಾರ್ರಿ. ನಾ ಒಬ್ಬಾಕೀನ ನಿಂತಿರತಿದ್ದೆ. ಒಂದ್ಸಲಾರ ನೀವು ನಿಮ್ಮ ಬಾಯಿಲೆ ಗುಡ್ಡಕ್ಕ ಹೋಗೂಣು ಅನ್ಲಿ ಅಂತ ಯಲ್ಲಮ್ಮಗ ಬೇಡಿಕೊಂಡಿದ್ದೆ. ಅಂದ್ರಿ. ಯಾವ ಗುಡ್ಡ ಅಂತ ನಾ ಯಾಕ ಕೇಳಲಿ?"

ನಾನು ಕೊಟ್ಟ ಮಾತನ್ನು ನೆನಪಿಟ್ಟಿದ್ದೆ ಎಂದು ಬೀಗಿದ್ದೆ. ಅವಳು ಕೇಳುತ್ತಿದ್ದ ಮಾತು ಎಂದೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಕೊನೆಗೆ ಗಂಡಸಿನ ಗತ್ತು ಉಳಿಸಿಕೊಳ್ಳಲು ಗದರಿದೆ: "ಆದ್ರ ನನ್ನ ಚೀಲದಾಗ ಒಂದು ಅಂಗಿನಾದ್ರೂ ಇಡಬೇಕಿತ್ತು!"

"ಅಂಗಿ, ಧೋತರ ಎಲ್ಲಾ ನನ್ನ ಬುಟ್ಯಾಗ ಇದ್ದೂವು. ಕೊಡೂಣು ಅಂತ ಹಿಡಕೊಂಡ ನಿಂತಿದ್ದೆ. ಅಷ್ಟರಾಗ ನೀವು ಟೊಪಗಿ ಹಾಕ್ಕೊಂಡು ಬಂದ್ರಿ. ಮಂದಿ ಕಾಲು ಮುಟ್ಟಾಕ ಹತ್ತಿದ್ರು. ಅಷ್ಟು ದೊಡ್ಡ ಹರಕಿ ನಡುವ ಹೆಂಗ್ರಿ ಮುರೀಲಿ?"

ಇಷ್ಟು ಹೇಳಿ, ಬೆಳಗಿನಿಂದ ಸೆರಗಿನಲ್ಲಿ ತಡೆದಿಟ್ಟಿದ್ದ ನಗುವನ್ನೆಲ್ಲ ಒಮ್ಮೆಲೇ ಹೊರಗೆ ಬಿಟ್ಟಳು.

ನಾಳೆ ಶುಕ್ರವಾರ. ಸ್ವೆಟರ್ ಎಷ್ಟು ಒಗೆದರೂ ಹಳದಿ ಹೋಗಿಲ್ಲ, ಅದನ್ನೇ ಹಾಕಿಕೊಂಡು ಹೋಗುತ್ತೇನೆ. ಗಂಗಕ್ಕ ಬರುವುದಿಲ್ಲ. ದಾದಾಪೀರನಿಗೆ ಊರಿನ ಹೆಸರು ಹೇಳುವ ಕೆಲಸವನ್ನು ಈ ಸಲ ಸರೋಜಾ ತಾನೇ ಮಾಡಿದ್ದಾಳೆ. ನನಗೂ ಸ್ವಲ್ಪ ಭೂಗೋಳ ಹೇಳಿಕೊಟ್ಟಿದ್ದಾಳೆ.

"ಮುಂಜಾನೆ ಸೂರ್ಯ ಬೆನ್ನಿಗಿರಬೇಕ್ರಿ. ಮಾರಿಗೆ ಬಡೀತಂದ್ರ ಮುಚ್ಚಿಕೊಂಡು ಮಕ್ಕೋಬ್ಯಾಡ್ರಿ, ನನ್ನ ಎಬ್ಬಸ್ರಿ."

ನಾನು ಬರೆದುಕೊಂಡಿದ್ದೇನೆ.