ಎರಡು ತಾಲೂಕಿನ ಊಟ

ಊಟಕ್ಕೆ ಕೂತವನಿಗೆ ಅನ್ನಕ್ಕಿಂತ ಮೊದಲು ಉಪದೇಶ ಬಡಿಸುವ ಕಾಲ ಬಂದಿದೆ. ನಾನು ತಿಂಡಿಪೋತ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ತಿನ್ನುವ ವಿಷಯದಲ್ಲಿ ಯಾರ ತಂಟೆಗೂ ಹೋದವನಲ್ಲ. ಅನ್ನ ಬಿಸಿಯಿದೆಯೇ, ಸಾರಿಗೆ ಉಪ್ಪು ಸರಿಯಿದೆಯೇ ಎನ್ನುವಲ್ಲಿಗೆ ನನ್ನ ಆಹಾರ ಚಿಂತನೆ ಮುಗಿಯುತ್ತದೆ. ಇಂಥ ನಿರುಪದ್ರವಿಯ ಮನೆಗೆ ಕಳೆದ ಮಳೆಗಾಲದಲ್ಲಿ ಷಡಕ್ಷರಿಯವರು ಕಾಲಿಟ್ಟರು.

ಷಡಕ್ಷರಿಯವರು ನಮ್ಮ ಶಿಕಾರಿಪುರದ ನಿವೃತ್ತ ವಿಮಾ ಏಜೆಂಟರು. ಎದುರು ಕೂತವನಿಗೆ ಅವನ ಸಾವನ್ನೇ ಕಣ್ಣಿಗೆ ಕಟ್ಟುವಂತೆ ವರ್ಣಿಸಿ, ಕೊನೆಗೆ ನಗುತ್ತ ಪೆನ್ನು ಚಾಚುವುದರಲ್ಲಿ ಪಳಗಿದವರು. ಆ ವಿದ್ಯೆ ತುಕ್ಕು ಹಿಡಿಯಬಾರದೆಂದು 'ನೆಲದನ್ನ ಬಳಗ' ಕಟ್ಟಿಕೊಂಡರು. ನಮ್ಮ ಸುತ್ತಮುತ್ತ, ಆಯಾ ಕಾಲಕ್ಕೆ, ವಿಷ ಹೊಡೆಯದೆ ಬೆಳೆದದ್ದನ್ನು ಮಾತ್ರ ತಿನ್ನಬೇಕು ಎನ್ನುವುದು ಬಳಗದ ತತ್ವ. ತತ್ವದ ಜೊತೆ ನನಗೆ ಜಗಳವಿಲ್ಲ. ಸುತ್ತಮುತ್ತ ಎಂದರೆ ಎಲ್ಲಿಯವರೆಗೆ ಎಂದು ಯಾರೋ ಕೇಳಿದಾಗ ಷಡಕ್ಷರಿಯವರು ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ಗಡಿಗೆ ಬೇಲಿ ಹಾಕಿಬಿಟ್ಟರು. ಸೊರಬ ಬೇಲಿಯೊಳಗೆ ಬಂದದ್ದು ಅವರ ಗದ್ದೆ ಅಲ್ಲಿದೆ ಎಂಬ ಕಾರಣಕ್ಕೆ. ಉಪ್ಪಿಗೆ ರಿಯಾಯಿತಿ ಸಿಕ್ಕಿತು, ನಮ್ಮಲ್ಲಿಗೆ ಸಮುದ್ರ ಬರುವ ಲಕ್ಷಣವಿಲ್ಲದ್ದರಿಂದ. ಒಣದ್ರಾಕ್ಷಿಗೂ ಸಿಕ್ಕಿತು, ಅಧ್ಯಕ್ಷರಾದ ಷಡಕ್ಷರಿಯವರಿಗೆ ಪಾಯಸದ ಮೇಲೆ ಪ್ರೀತಿ ಇದ್ದುದರಿಂದ.

ನನ್ನ ಹೆಂಡತಿ ಶಾರದಾ ಬಳಗದ ಒಂದು ಸಭೆಗೆ ಹೋಗಿಬಂದಳು. ಮರುದಿನ ನಮ್ಮ ಮನೆಯ ತೊಗರಿಬೇಳೆ, ಗೋಧಿ, ಇಂಗು, ಜೀರಿಗೆ ಎಲ್ಲವೂ ಪಕ್ಕದ ಮನೆಗೆ ಗಡೀಪಾರಾದವು. ಬೆಳಗಿನ ಕಾಫಿಯೂ ಅವುಗಳ ಹಿಂದೆಯೇ ಹೋಯಿತು.

"ಚಿಕ್ಕಮಗಳೂರೇನು ವಿದೇಶವಾ?" ಎಂದೆ.

"ನಮ್ ತಾಲೂಕಂತೂ ಅಲ್ವಲ್ರೀ" ಎಂದು ಕೊತ್ತಂಬರಿ ಕಷಾಯ ಮುಂದಿಟ್ಟಳು.

ಅಂದಿನಿಂದ ನಾನು ಕಾಲೇಜಿಗೆ ಪಾಠ ಮಾಡಲು ಹೋಗುವ ಮುಂಚೆ ಗೆಳೆಯ ನಜೀರ್ ಸಾಹೇಬರ ಹಾರ್ಡ್‌ವೇರ್ ಅಂಗಡಿಗೆ ಹೋಗತೊಡಗಿದೆ. ಅವರು ಪಕ್ಕದ ಹೋಟೆಲಿನಿಂದ ಕಾಫಿ ತರಿಸುತ್ತಿದ್ದರು. "ಸರ್, ನಮ್ಮ ಮನೆಯೋರ ಕಿವಿಗೆ ಈ ಸುದ್ದಿ ಹಾಕ್ಬೇಡ್ರಿ. ಬಿರಿಯಾನಿಗೆ ಯಾವ ತಾಲೂಕಿನ ಲವಂಗ ತರ್ಲಿ ನಾನು?" ಎನ್ನುತ್ತಿದ್ದರು. ಮೊಳೆ, ಚಿಲಕಗಳ ನಡುವೆ ಕೂತು ಬಳಗವನ್ನು ಹೀಯಾಳಿಸುವುದರಲ್ಲಿ ಕಾಫಿಗೆ ಇನ್ನಷ್ಟು ರುಚಿ ಬರುತ್ತಿತ್ತು. ಹೀಯಾಳಿಸಲು ಸರಕೇನೂ ಕಡಿಮೆ ಇರಲಿಲ್ಲ. ಒಮ್ಮೆ ಬಳಗದವರು ಚಂದ್ರಗುತ್ತಿ ಕಡೆಯ ಸೊಪ್ಪು ಶ್ರೇಷ್ಠವೆಂದು ಕೇಳಿ, ಕಾರುಗಳ ಸಾಲು ಕಟ್ಟಿಕೊಂಡು ಹೋಗಿ, ಒಬ್ಬೊಬ್ಬರು ಒಂದೊಂದು ಹಿಡಿ ಸೊಪ್ಪು ಹಿಡಿದು ಫೋಟೊ ತೆಗೆಸಿಕೊಂಡು ಬಂದರು. ಪೆಟ್ರೋಲನ್ನು ಈ ಎರಡು ತಾಲೂಕುಗಳಲ್ಲಿ ಯಾರು ಬೆಳೆಯುತ್ತಾರೆಂದು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ನನ್ನ ಅತ್ತೆ ಗಿರಿಜಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು, ಆರೈಕೆಗೆಂದು ಸೊರಬ ತಾಲೂಕಿನ ಜಡೆ ಊರಿನಿಂದ ಮಗಳ ಮನೆಗೆ ಬಂದರು. ಬರುವಾಗ ತಂಗಿಯ ಹೊಲದ ಬದನೆಕಾಯಿ ತಂದಿದ್ದರು. ತಂಗಿಯ ಊರು ಹಾನಗಲ್ ಕಡೆ, ಅಂದರೆ ಬೇರೆ ಜಿಲ್ಲೆ. ಶಾರದಾ ಸಂಕೋಚಪಡುತ್ತಲೇ ಅವನ್ನು ಪಕ್ಕದ ಮನೆಗೆ ದಾಟಿಸಿದಳು. ಅತ್ತೆ ಕಪ್ಪು ಕನ್ನಡಕದೊಳಗಿಂದ ನೋಡಿದರು. ನೋಡಲು ಬಂದ ಬಳಗದವರು ಬಾಳೆದಿಂಡು, ಒಂದೆಲಗದ ಸೊಪ್ಪು ತಂದುಕೊಟ್ಟರು. ಷಡಕ್ಷರಿಯವರು ಒಂದು ಪಡವಲಕಾಯಿ ತಂದು, ಅದು ಕಣ್ಣಿಗೆ ಎಷ್ಟು ಒಳ್ಳೆಯದೆಂದು ಬಹಳ ಹೊತ್ತು ವಿವರಿಸಿದರು. ಅತ್ತೆ ದಿನದಿಂದ ದಿನಕ್ಕೆ ಮೌನವಾದರು. ಊಟ ಸೇರುವುದಿಲ್ಲ ಎಂದರು. ಆಪರೇಷನ್ ಆದಮೇಲೆ ಹಾಗೆಲ್ಲ ಆಗುತ್ತದೆ ಎಂದು ನಾವು ತೀರ್ಮಾನಿಸಿದೆವು. ಒಂದು ದಿನ ಅವರು ಚೀಲ ತುಂಬಿಕೊಂಡು, "ಜಡೆ ಬಸ್ಸು ಎಷ್ಟೊತ್ತಿಗೆ ಅಳಿಯಂದ್ರೇ?" ಎಂದು ಕೇಳಿದರು. ಭಾನುವಾರ ಬಳಗದ ಸರದಿ ಊಟ ನಮ್ಮ ಮನೆಯಲ್ಲಿದೆ, ಅದು ಮುಗಿಯಲಿ ಎಂದು ಶಾರದಾ ಅವರನ್ನು ತಡೆದಳು.

ಆ ಭಾನುವಾರಕ್ಕೆ ನಾನು ಒಂದು ಭಾಷಣ ತಯಾರಿಸಿಕೊಂಡಿದ್ದೆ. ವಿಮೆ, ಒಣದ್ರಾಕ್ಷಿ, ಪೆಟ್ರೋಲು ಎಲ್ಲ ಅದರಲ್ಲಿತ್ತು. ನಜೀರ್ ಸಾಹೇಬರ ಎದುರು ಒಮ್ಮೆ ಒದರಿಯೂ ನೋಡಿದ್ದೆ. ಮೊದಲ ತುತ್ತು ಬಾಯಿಗಿಟ್ಟು ಶುರು ಮಾಡೋಣವೆಂದುಕೊಂಡೆ. ಅದು ಕಳಲೆ ಪಲ್ಯದ ತುತ್ತು. ಎಳೆ ಬಿದಿರಿಗೆ ಹಸಿ ತೆಂಗಿನಕಾಯಿ, ಸೂಜಿಮೆಣಸು ಬಿದ್ದಿತ್ತು. ಆಮೇಲೆ ಕೆಂಪಕ್ಕಿ ಅನ್ನಕ್ಕೆ ಹುರುಳಿ ಸಾರು ಬಂತು, ಅದರ ಹಿಂದೆಯೇ ಪತ್ರೊಡೆ. ಭಾಷಣ ಸಾರಿನ ಜೊತೆ ಹೊಟ್ಟೆಗಿಳಿಯಿತು. ನಾನು ಮತ್ತೆ ಮತ್ತೆ ತಟ್ಟೆ ಚಾಚುವುದನ್ನು ಷಡಕ್ಷರಿಯವರು ಎದುರಿನಿಂದ ತೃಪ್ತಿಯಾಗಿ ನೋಡುತ್ತಿದ್ದರು.

ಪಾಯಸದ ಹೊತ್ತಿಗೆ ಅವರು ಅತ್ತೆಯ ಕಡೆ ತಿರುಗಿ, "ಅಮ್ಮಾ, ನಿಮ್ ಕಾಲದ ಶುದ್ಧ ಊಟದ ಬಗ್ಗೆ ನಮಗೆಲ್ಲ ಎರಡು ಮಾತು ಹೇಳಿ" ಎಂದರು.

"ಶುದ್ಧ ಅಂತ ಎಂತಕ್ಕೆ ತಿಂತಿದ್ವಿ? ಬೇರೆ ಎಂತದೂ ಇರ್ಲಿಲ್ಲ, ತಿಂದ್ವಿ" ಎಂದರು ಅತ್ತೆ. ಸ್ವಲ್ಪ ತಡೆದು, "ನಮ್ ಕಡೆ ಹುಷಾರಿಲ್ದೋರನ್ನ ನೋಡಕ್ಕೆ ಬಂದ್ರೆ ಸೇಬು ತರ್ತಾರೆ. ಇಷ್ಟು ಜನ ಬಂದ್ರಿ, ಒಬ್ರೂ ತರ್ಲಿಲ್ಲ. ಬರೇ ಸೊಪ್ಪು. ನಾನೇನು ಕೊಟ್ಟಿಗೇಲಿ ಕಟ್ಟಿದ ದನಾನಾ?" ಎಂದರು.

ಶಾರದಾ ಬಡಿಸುವ ಸೌಟು ಹಿಡಿದು ನಿಂತಿದ್ದಳು.

"ನಂಗೆ ಹೇಳ್ಬಾರ್ದಿತ್ತೇನವ್ವಾ?"

"ಹೇಳಿದ್ರೆ ಯಾವೂರ ಸೇಬು ಅಂತ ಕೇಳ್ತಿದ್ದೆ ನೀನು."

ಷಡಕ್ಷರಿಯವರು ಒಣದ್ರಾಕ್ಷಿಯನ್ನು ಬಾಯಲ್ಲಿ ಇಟ್ಟುಕೊಂಡೇ ಕೈ ತೊಳೆಯಲು ಎದ್ದರು.

ಬಳಗ ಹೋದದ್ದೇ ತಡ, ಶಾರದಾ ಕೊಡೆ ಹಿಡಿದು ಪೇಟೆಗೆ ಹೋಗಿ ಚೀಲದ ತುಂಬ ಸೇಬು ತಂದಳು. ಒಂದನ್ನು ಹೋಳು ಮಾಡಿ, ತಾಯಿಯ ಪಕ್ಕದಲ್ಲಿ ಕೂತು, ಒಂದೊಂದಾಗಿ ಕೈಗೆ ಕೊಟ್ಟಳು. ಅತ್ತೆ ಹಿಟ್ಟಿನ ಹಾಗಿದೆ ಎಂದು ಗೊಣಗುತ್ತಲೇ ಎಲ್ಲವನ್ನೂ ತಿಂದರು. ಊರಿಗೆಂದು ಅವರು ತುಂಬಿಟ್ಟಿದ್ದ ಬಟ್ಟೆಗಳು ಮತ್ತೆ ಕಪಾಟು ಸೇರಿದವು.

ಆಮೇಲೆ ಶಾರದಾ ನನ್ನ ಕಡೆ ತಿರುಗಿದಳು. "ನಾನೇನೋ ಹುಚ್ಚು ಹತ್ತಿಸ್ಕೊಂಡಿದ್ದೆ. ದಿನಾ ಪೇಟೆಗೆ ಹೋಗೋರು ನೀವು. ಅವ್ವಂಗೊಂದು ಸೇಬು ತರ್ಬೇಕು ಅಂತ ನಿಮಗೂ ಹೊಳೀಲಿಲ್ವಾ?"

"ನಾನು ಬಳಗದ ನಿಯಮ ಪಾಲಿಸ್ತಿದ್ದೆ" ಎಂದೆ, ಗಂಭೀರವಾಗಿ.

"ಬಾಯಿಂದ ದಿನಾ ಕಾಫಿ ವಾಸನೆ ಹೊಡೀತಿತ್ತು" ಎಂದು ಅವಳು ಒಳಗೆ ಹೋದಳು.

ಈಗ ನಮ್ಮ ಅಡುಗೆಮನೆಯಲ್ಲಿ ಕಳಲೆಯೂ ಇದೆ, ಕಾಫಿಯೂ ಇದೆ. ಮೊನ್ನೆ ಷಡಕ್ಷರಿಯವರು ಫೋನ್ ಮಾಡಿದ್ದರು. ಆ ಭಾನುವಾರ ನಾನು ಉಂಡ ರೀತಿಯಲ್ಲೇ ನನ್ನ ನಿಷ್ಠೆ ಎಲ್ಲರಿಗೂ ತಿಳಿಯಿತಂತೆ, ಬಳಗದ ಕಾರ್ಯದರ್ಶಿಯಾಗಬೇಕಂತೆ. ಅವರ ಬಗ್ಗೆ ನಾನು ಕೂಡಿಟ್ಟುಕೊಂಡಿದ್ದ ತಿರಸ್ಕಾರವೆಲ್ಲ ನಾಲಿಗೆಯ ತುದಿಗೆ ಬಂತು. ಗಂಟಲು ಸರಿಮಾಡಿಕೊಂಡು, ಕಾರ್ಯದರ್ಶಿ ಎಲ್ಲರ ಮನೆಯ ಊಟಕ್ಕೂ ಹೋಗಬೇಕಾಗುತ್ತದೆಯೇ ಎಂದು ಕೇಳಿದೆ.